ರೆಸ್ಯೂಮೆಯಲ್ಲಿ ನನ್ನ ಫೋನ್ ನಂಬರೇ ಇರಲಿಲ್ಲ

ಪುಣೆಯ ಭೋಸರಿಯಲ್ಲಿ ಒಂದು ಮಶೀನ್ ಶಾಪ್‌ನ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. 2017ರ ಜೂನ್‌ನಲ್ಲಿ ಸೇರಿದೆ, ಮುಂದಿನ ತಿಂಗಳೇ ಜಿಎಸ್‌ಟಿ ಬಂತು. ಹಾಗಾಗಿ ಕೆಲಸ ಕಲಿಯದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಖರಾಡಿ, ಹಿಂಜವಡಿಯ ದೊಡ್ಡ ಕಂಪನಿಗಳ ಕಡೆ ಕಣ್ಣು ಬಿತ್ತು. ಮೂರು ತಿಂಗಳಲ್ಲಿ ನಲವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದೆ. ಒಂದು ಫೋನೂ ಬರಲಿಲ್ಲ.

ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ಅಕ್ಕ ಒಬ್ಬರಿದ್ದಾರೆ, ರಿಕ್ರೂಟರ್. ಒಂದು ಭಾನುವಾರ ಅವರಿಗೆ ರೆಸ್ಯೂಮೆ ತೋರಿಸಿದೆ. ಎಡಕ್ಕೆ ನೀಲಿ ಪಟ್ಟಿ, ಅದರಲ್ಲಿ ಫೋಟೋ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ನನಗೆ ಎಷ್ಟು ಬರುತ್ತದೆ ಅಂತ ತೋರಿಸಲು ಐದರಲ್ಲಿ ನಾಲ್ಕು ನಕ್ಷತ್ರ. ನನಗಂತೂ ಅದರ ಮೇಲೆ ಹೆಮ್ಮೆ. ಅಕ್ಕ ಓದಲೇ ಇಲ್ಲ. ವರ್ಡ್ ಫೈಲ್ ತೆರೆದು, ಎಲ್ಲಾ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿದರು.

"ತಮ್ಮಾ, ಇದರಾಗ ನಿನ್ನ ಫೋನ್ ನಂಬರ್ ಎಲ್ಲೈತಿ?"

ಇರಲಿಲ್ಲ! ಹೆಸರು, ನಂಬರ್, ಇಮೇಲ್ ಎಲ್ಲ ನಾನು ಪುಟದ ಹೆಡರ್‌ನಲ್ಲಿ ಹಾಕಿದ್ದೆ. ಬಂದ ಅರ್ಜಿಗಳನ್ನು ಓದಿ ಜೋಡಿಸಿಡಲು ಕಂಪನಿಗಳು ಸಾಫ್ಟ್‌ವೇರ್ ಬಳಸುತ್ತವೆ, ಅವುಗಳಲ್ಲಿ ಕೆಲವು ಹೆಡರ್ ಓದುವುದೇ ಇಲ್ಲವಂತೆ. ನಕ್ಷತ್ರಗಳೂ ಮಾಯ. ಎರಡು ಕಾಲಂ ಟೇಬಲ್ ಕಲಸಿಹೋಗಿ, ಟ್ಯಾಲಿ ಪ್ರೈಮ್ ಪಕ್ಕದಲ್ಲಿ ನನ್ನ ಹುದ್ದೆ ಬಂದು ಕೂತಿತ್ತು. ನಾನು ಟ್ಯಾಲಿ ಕಂಪನಿಯಲ್ಲೇ ಕೆಲಸ ಮಾಡಿದ ಹಾಗೆ.

ಮಶೀನ್ ರಿಜೆಕ್ಟ್ ಮಾಡುತ್ತೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಅಕ್ಕ ಹೇಳಿದ್ದು ಬೇರೆ. ಸಾಫ್ಟ್‌ವೇರ್ ನಮ್ಮ ಫೈಲ್ ಒಡೆದು ಹೆಸರು, ಕಂಪನಿ, ತಾರೀಕು, ಸ್ಕಿಲ್ ಅಂತ ಬೇರೆ ಬೇರೆ ಡಬ್ಬಿಗೆ ತುಂಬುತ್ತದೆ. ರಿಕ್ರೂಟರ್ ಆ ಡಬ್ಬಿಗಳಲ್ಲಿ ಪದ ಹಾಕಿ ಹುಡುಕುತ್ತಾರೆ. ತಪ್ಪು ಡಬ್ಬಿಗೆ ಬಿದ್ದವನು ಹುಡುಕಾಟದಲ್ಲಿ ಸಿಗುವುದೇ ಇಲ್ಲ.

ಮನೆಗೆ ಬಂದು ಒಂದೇ ಕಾಲಂನಲ್ಲಿ ಮತ್ತೆ ಬರೆದೆ. ಫೋಟೋ ತೆಗೆದೆ. ತಲೆಬರಹಗಳಿಗೆ ವರ್ಕ್ ಎಕ್ಸ್‌ಪೀರಿಯೆನ್ಸ್, ಎಜುಕೇಶನ್, ಸ್ಕಿಲ್ಸ್ ಅಂತ ಎಲ್ಲರೂ ಬಳಸುವ ಪದಗಳೇ. ’17 ಅಂತ ಇದ್ದದ್ದನ್ನು 06/2017 ಮಾಡಿದೆ.

ಆದರೆ ಚೆಂದದ ಫಾಂಟ್ ಮೇಲಿನ ಆಸೆ ಹೋಗಿರಲಿಲ್ಲ. ಹೊಸ ಪಿಡಿಎಫ್ ಅನ್ನು ನೋಟ್‌ಪ್ಯಾಡ್‌ಗೆ ಹಾಕಿ ನೋಡಿದರೆ ರೆಕನ್ಸಿಲಿಯೇಶನ್ (ಲೆಕ್ಕ ತಾಳೆ ನೋಡುವುದು) ಪದದ ಮಧ್ಯೆ ಎರಡು ಅಕ್ಷರ ಇಲ್ಲ, ಬರೀ ಖಾಲಿ ಜಾಗ. ಆ ಫಾಂಟ್‌ನಲ್ಲಿ ಇಂಗ್ಲಿಷಿನ ಟಿ ಮತ್ತು ಐ ನಮ್ಮ ಒತ್ತಕ್ಷರದ ಥರ ಕೂಡಿಕೊಂಡು ಒಂದೇ ಅಕ್ಷರ ಆಗಿಬಿಟ್ಟಿದ್ದವು. ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಕಾಪಿ ಮಾಡಿದರೆ ಬರುವುದಿಲ್ಲ. ನನ್ನ ಅನ್ನ ಹುಟ್ಟಿಸುವ ಪದವೇ ಅದು! ಆ ಫಾಂಟ್ ಬಿಟ್ಟು ಏರಿಯಲ್ ಹಾಕಿದೆ.

ಪದಗಳ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ನಾನು ವೆಂಡರ್ ಬಿಲ್ ಅಂತ ಬರೆದಿದ್ದೆ, ಜಾಹೀರಾತಿನಲ್ಲಿ ಅಕೌಂಟ್ಸ್ ಪೇಯೆಬಲ್ ಅಂತ ಇತ್ತು. ಕೆಲಸ ಒಂದೇ, ಹುಡುಕುವ ಪದ ಬೇರೆ. ಟಿಡಿಎಸ್ ಪಕ್ಕದಲ್ಲೇ ಒಂದು ಸಲ ಟ್ಯಾಕ್ಸ್ ಡಿಡಕ್ಟೆಡ್ ಅಟ್ ಸೋರ್ಸ್ ಅಂತಲೂ ಬರೆದೆ, ಯಾವುದನ್ನು ಹುಡುಕುತ್ತಾರೋ ಏನೋ. ಅಕೌಂಟ್ಸ್ ಎಲ್ಲಾ ನೋಡಿಕೊಳ್ಳುತ್ತೇನೆ ಅನ್ನೋ ಸಾಲು ಅಳಿಸಿ, ತಿಂಗಳಿಗೆ ಸುಮಾರು 300 ವೆಂಡರ್ ಇನ್‌ವಾಯ್ಸ್, ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು, ಜಿಎಸ್‌ಟಿಆರ್-1 ಮತ್ತು 3ಬಿ ರಿಟರ್ನ್ ಸಲ್ಲಿಕೆ ಅಂತ ಬಿಡಿಸಿ ಬರೆದೆ. 2ಬಿ ಅಂದರೆ ನಮಗೆ ಮಾರಿದವರು ಸಲ್ಲಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಪ್ರತಿ ತಿಂಗಳು 14ಕ್ಕೆ ಕೊಡುವ ಪಟ್ಟಿ. ದೊಡ್ಡ ಕಂಪನಿಗಳು ಬಳಸುವ ಎಸ್‌ಎಪಿ ಸಾಫ್ಟ್‌ವೇರ್ ನನಗೆ ಬರುವುದಿಲ್ಲ, ಹಾಕಲಿಲ್ಲ. ಜಾಹೀರಾತಿನ ಪದಗಳನ್ನು ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಡು ಅಂತ ಒಬ್ಬ ಗೆಳೆಯ ಹೇಳಿದ. ಅದನ್ನೂ ನೋಟ್‌ಪ್ಯಾಡ್‌ಗೆ ಹಾಕಿದರೆ ಗುಟ್ಟು ರಟ್ಟು. ದುಡ್ಡು ತಗೊಂಡು ರೆಸ್ಯೂಮೆಗೆ ನೂರಕ್ಕೆ ಇಷ್ಟು ಅಂಕ ಅಂತ ಕೊಡುವ ಸೈಟುಗಳೂ ನನ್ನ ಲೆಕ್ಕದಲ್ಲಿ ಸುಮ್ನೆ. ಕಂಪನಿ ಏನು ಹುಡುಕುತ್ತಿದೆ ಅಂತ ಅವಕ್ಕೆ ಹೇಗೆ ಗೊತ್ತು?

ನಿಜವಾಗಿ ತಕ್ಷಣ ಹೊರಗೆ ಹಾಕುವುದು ಫಾರಂನ ಪ್ರಶ್ನೆಗಳು. ನೋಟಿಸ್ ಪೀರಿಯಡ್ 90 ದಿನ ಅಂತ ಒತ್ತಿದ ಎರಡೇ ನಿಮಿಷಕ್ಕೆ ಒಂದು ಕಡೆಯಿಂದ ಧನ್ಯವಾದದ ಮೇಲ್ ಬಂತು. ಅದಕ್ಕೆ ರೆಸ್ಯೂಮೆ ಏನು ಮಾಡೀತು?

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್ ಹಾಕಿ ಕೊನೆಗೆ ನಮ್ಮ ಹೆಸರು. ಸಾಫ್ಟ್‌ವೇರ್ ನನ್ನ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗಕ್ಕೆ ಬರೀ 'ಟಿ' ಹಾಕಿತ್ತು. ಪ್ಯಾನ್ ಕಾರ್ಡಿನಲ್ಲಿ ಇದ್ದ ಹಾಗೆ ಇನಿಶಿಯಲ್ ಬಿಡಿಸಿ, ಊರಿನ ಹೆಸರನ್ನು ಕೊನೆಗೆ ಹಾಕಿದೆ.

ಆಮೇಲೆ ಹಾಕಿದ್ದು ಹನ್ನೊಂದೇ ಅರ್ಜಿ. ನಾಲ್ಕು ಫೋನ್ ಬಂದವು, ಖರಾಡಿಯಲ್ಲಿ ಕೆಲಸ ಆಯಿತು. ಇಲ್ಲಿ ಎಲ್ಲರನ್ನೂ ಸರ್‌ನೇಮ್ ಹಿಡಿದೇ ಕರೆಯುತ್ತಾರೆ. ಪ್ರತಿ ತಿಂಗಳು 14ನೇ ತಾರೀಕು ದಾಟಿತೆಂದರೆ 2ಬಿ ತಾಳೆ ಆಯ್ತಾ ಅಂತ ಆಚೆ ಮೇಜಿನಿಂದ ಮರಾಠಿಯಲ್ಲಿ ಕೂಗು ಬರುತ್ತದೆ: "ತಿಪಟೂರ್ ಸಾಹೇಬ್, ಟೂ-ಬಿ ಮ್ಯಾಚ್ ಝಾಲಂ ಕಾ?"