ಪಿಒ ಓದುವ ಕೆಲಸ ಎಐಗೆ ಕೊಡಿ, ಲೆಕ್ಕ ಕೊಡಬೇಡಿ

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ನಿಮ್ಮದಾದರೆ, ಬಿಲ್ಲು ಟ್ಯಾಲಿಯಲ್ಲಿ, ಸ್ಟಾಕು ಎಕ್ಸೆಲ್‌ನಲ್ಲಿ, ಡೆಸ್ಪ್ಯಾಚು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಉಳಿದದ್ದು ಸ್ಟೋರಿನವರ ತಲೆಯಲ್ಲಿ ಇರುವ ಸಾಧ್ಯತೆ ಹೆಚ್ಚು. ಇದರ ಮೇಲೆ ಚಾಟ್‌ಬಾಟ್ ತಂದು ಕೂರಿಸಿದರೆ ಅದೇ ಗೊಂದಲವನ್ನು ಚಂದದ ಭಾಷೆಯಲ್ಲಿ ಹೇಳುತ್ತದೆ, ಅಷ್ಟೆ. ಗಿರಾಕಿಗಳು ಮಾಲು ಬೇಕೆಂದು ಕಳಿಸುವ ಪರ್ಚೇಸ್ ಆರ್ಡರ್ (ಪಿಒ) ಎಐ ಕೈಲಿ ಓದಿಸುವುದರಿಂದ ಶುರುಮಾಡಿ. ತಪ್ಪಾದರೆ ಅಂದೇ ತಾಳೆ ನೋಡಿ ಹಿಡಿಯಬಹುದಾದ ಕೆಲಸ ಅದು.

ಅದಕ್ಕೂ ಮುಂಚೆ ಐಟಂ ಪಟ್ಟಿ ಶುಚಿಯಾಗಬೇಕು. ಟ್ಯಾಲಿಯಿಂದ ಎಕ್ಸೆಲ್‌ಗೆ ಇಳಿಸಿ ನೋಡಿ: ‘ಎಂ8 ಬೋಲ್ಟ್’, ‘ಬೋಲ್ಟ್ 8 ಎಂಎಂ’, ‘8 ಇಂಟು 25’ ಮೂರೂ ಒಂದೇ ಡಬ್ಬಿಯ ಮಾಲಾಗಿರುತ್ತದೆ. ಒಂದು ಮಾಲಿಗೆ ಒಂದೇ ಕೋಡ್, ಒಂದೇ ಅಳತೆ, ಒಂದೇ ಎಚ್‌ಎಸ್‌ಎನ್, ಅಂದರೆ ಜಿಎಸ್‌ಟಿಗೆ ಮಾಲಿನ ಬಗೆ ಗುರುತಿಸುವ ಸಂಖ್ಯೆ (ಕಬ್ಬಿಣ, ಉಕ್ಕಿನ ಬೋಲ್ಟ್–ನಟ್‌ಗೆ 7318). ಪಕ್ಕದ ಕಾಲಮ್ಮಿನಲ್ಲಿ ಅದೇ ಮಾಲಿಗೆ ಗಿರಾಕಿ ಇಟ್ಟಿರುವ ಪಾರ್ಟ್ ನಂಬರ್. ಈ ಕಾಲಮ್ ಇಲ್ಲದಿದ್ದರೆ ಮುಂದಿನದೆಲ್ಲ ದಂಡ. ಬೇಸರದ ಕೆಲಸವೇ, ಆದರೂ ಹೊರಗಿನವರಿಗೆ ಒಪ್ಪಿಸಬೇಡಿ, ಸ್ಟೋರಿನವರನ್ನೇ ಕೂರಿಸಿ.

ಆಮೇಲೆ ಎಐಯನ್ನು ಪರೀಕ್ಷಿಸಲು, ಮಾಲು ಕಳಿಸಿ ಮುಗಿದಿರುವ 50 ಹಳೆಯ ಪಿಒ ತೆಗೆಯಿರಿ. ಕಾಗದದ್ದಾದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ; ಓರೆಯಾಗಿ ತೆಗೆದ ಮೊಬೈಲ್ ಫೋಟೊ ಬೇಡ. ಎಐಗೆ ಕೊಡುವ ಸೂಚನೆ ಹೀಗಿರಲಿ: ‘ಪಿಒ ನಂಬರ್, ತಾರೀಖು, ಪಾರ್ಟ್ ನಂಬರ್, ಡ್ರಾಯಿಂಗ್ ರಿವಿಷನ್, ಸಂಖ್ಯೆ, ದರ, ಡೆಲಿವರಿ ತಾರೀಖು ಕೋಷ್ಟಕದಲ್ಲಿ ಬರೆ. ಕಾಣದ್ದನ್ನು ಖಾಲಿ ಬಿಡು.’ ಕೊನೆಯ ವಾಕ್ಯ ಮರೆತರೆ ಖಾಲಿ ಜಾಗವನ್ನು ತಾನೇ ತುಂಬೀತು. ಮುಂದಿನ ಪದ ಯಾವುದಿರಬಹುದೆಂದು ಊಹಿಸಿ ಬರೆಯುವುದೇ ಅದರ ಸ್ವಭಾವ.

ಎಷ್ಟು ಪಿಒ ಸರಿ ಬಂತು ಎಂದು ಎಣಿಸಬೇಡಿ, ಯಾವ ಕಾಲಮ್ಮಿನಲ್ಲಿ ಎಷ್ಟು ತಪ್ಪು ಎಂದು ಎಣಿಸಿ. ಹೆಚ್ಚು ದುಬಾರಿ ತಪ್ಪು ಡ್ರಾಯಿಂಗ್ ರಿವಿಷನ್‌ನದು, ಅಂದರೆ ನಕ್ಷೆಯ ಎಷ್ಟನೇ ತಿದ್ದುಪಡಿ ಎಂದು ಹೇಳುವ ಅಕ್ಷರದ್ದು. ಮಸುಕಾದ ‘ಬಿ’ಯನ್ನು 8 ಎಂದು ಓದಿದರೆ ಕಣ್ಣಿಗೆ ಬೀಳುತ್ತದೆ, ‘ಸಿ’ಯನ್ನು ‘ಜಿ’ ಎಂದರೆ ಬೀಳುವುದಿಲ್ಲ, ಇಡೀ ಲಾಟ್ ರಿಜೆಕ್ಟ್. ಶಾಪ್‌ಫ್ಲೋರ್‌ನಲ್ಲಿರುವ ರಿವಿಷನ್ ಪಟ್ಟಿಯ ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡಿ, ಹೊಂದದ ಸಾಲು ಕೆಂಪಾಗಲಿ. 04/05 ಎಂಬ ತಾರೀಖು ಮೇ 4 ಆಗಬಹುದು, ಏಪ್ರಿಲ್ 5 ಕೂಡ; ತಿಂಗಳನ್ನು ಅಕ್ಷರದಲ್ಲೇ ಬರೆಯಲು ಹೇಳಿ, ಯಾವ ಗಿರಾಕಿ ಯಾವ ಕ್ರಮದಲ್ಲಿ ಬರೆಯುತ್ತಾರೆಂದು ಸೂಚನೆಯಲ್ಲೇ ಸೇರಿಸಿ. ಸಂಖ್ಯೆ ಗುಣಿಸು ದರ ಎಐ ಮಾಡಬಾರದು, ಎಕ್ಸೆಲ್ ಮಾಡಲಿ. ಪಿಒದಲ್ಲಿ ಅಚ್ಚಾದ ಮೊತ್ತಕ್ಕೆ ಹೊಂದದಿದ್ದರೆ ಸಂಖ್ಯೆಯನ್ನೋ ದರವನ್ನೋ ತಪ್ಪು ಓದಿರಬಹುದು. ಕೈಬರಹದ ಕನ್ನಡ ಚಲನ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಎಐ ಓದಿದ್ದು ನೇರವಾಗಿ ಬಿಲ್ಲಿಗೆ ಹೋಗಬಾರದು. ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ–ಇನ್‌ವಾಯ್ಸ್ ಕಡ್ಡಾಯ. ಬಿಲ್ಲನ್ನು ಸರ್ಕಾರದ ಇ–ಇನ್‌ವಾಯ್ಸ್ ಪೋರ್ಟಲ್‌ಗೆ ಕಳಿಸಿ ಅದರ ನೋಂದಣಿ ಸಂಖ್ಯೆ (ಐಆರ್‌ಎನ್) ಬಂದ ಮೇಲೆ ಅಲ್ಲಿ ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ಪೂರ್ತಿ ರದ್ದು ಮಾಡಬೇಕು, ಇಲ್ಲವೇ ಕ್ರೆಡಿಟ್ ನೋಟ್. ನಡುವೆ ಒಬ್ಬರ ಸಹಿ ಇರಲಿ.

ಗಿರಾಕಿಯ ಡ್ರಾಯಿಂಗನ್ನು ಉಚಿತ ಖಾತೆಗೆ ಏರಿಸಬೇಡಿ. ಗಿರಾಕಿಯ ಜೊತೆ ಗೋಪ್ಯತೆ ಒಪ್ಪಂದವಿದ್ದರೆ ಮುರಿದಂತಾಗಬಹುದು. ಹಾಕಿದ್ದನ್ನು ತರಬೇತಿಗೆ ಬಳಸುವ ಸೇವೆಗಳೂ ಇವೆ.

ಮೊದಲ ತಿಂಗಳು ಹಳೆಯ ರೀತಿಯ ಟೈಪಿಂಗೂ ಜೊತೆಗೇ ನಡೆಯಲಿ. ಸೂಚನೆಯನ್ನು ತಾರೀಖು ಹಾಕಿ ಕಡತದಲ್ಲಿಡಿ. ಎಐ ಮಾಡೆಲ್ ಬದಲಾದ ದಿನ ಅದೇ 50 ಪಿಒ ಮತ್ತೆ ಓದಿಸಿ.