ಸೇನೆಯವರ ಕಾರ್ಡ್ ಫೀ ಮನ್ನಾ: ಹೆಸರೇ ಅಡ್ಡ ಬಂದಿತ್ತು

ನಾನು ಅಮೆರಿಕದ ಸೇನೆಯಲ್ಲಿದ್ದೇನೆ. ನನ್ನ ಪ್ರೀಮಿಯಂ ಕ್ರೆಡಿಟ್ ಕಾರ್ಡಿಗೆ ವಾರ್ಷಿಕ ಫೀ ಇಲ್ಲ, ಹೆಂಡತಿಯ ಕಾರ್ಡಿಗೆ ಮಾತ್ರ ಪೂರ್ತಿ ಹಾಕಿದರು. ಸೇನೆಯವರ ಸಾಲಗಳಿಗೆ ರಕ್ಷಣೆ ಕೊಡುವ ಮಿಲಿಟರಿ ಲೆಂಡಿಂಗ್ ಆಕ್ಟ್ (ಎಂಎಲ್‌ಎ) ಸಂಗಾತಿಗೂ ಅನ್ವಯಿಸುತ್ತದೆ, ಅಲ್ವಾ? ಆದರೆ ಕಾನೂನು ಹೇಳುವುದು ಬಡ್ಡಿ, ಕೆಲವು ಶುಲ್ಕ ಸೇರಿ ವರ್ಷಕ್ಕೆ 36% ಮೀರಬಾರದು ಅಂತ ಅಷ್ಟೇ, ಪೂರ್ತಿ ಮನ್ನಾ ಕಂಪನಿಗಳು ತಾವೇ ಕೊಡುವುದು.

ಸುಮ್ನೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ. ರಕ್ಷಣಾ ಇಲಾಖೆಯ ಎಂಎಲ್‌ಎ ವೆಬ್‌ಸೈಟಿನಲ್ಲಿ ಹುಡುಕಿದಾಗ ತೊಡಕು ಸಿಕ್ಕಿತು: ಡೀರ್ಸ್ (ಸೇನೆಯವರ, ಅವರ ಕುಟುಂಬದವರ ವಿವರ ಇಡುವ ಪಟ್ಟಿ) ದಾಖಲೆಯಲ್ಲಿ ಅವಳ ಕೊನೆಯ ಹೆಸರು ನನ್ನದು, ಕಾರ್ಡಿನಲ್ಲಿ ಅವಳಪ್ಪನದು. ನಮ್ಮ ಕಡೆಯ ಇನಿಷಿಯಲ್ ಗೋಳು! ಬೇಸ್‌ನ ಐಡಿ ಕಾರ್ಡ್ ಆಫೀಸಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಸರಿಪಡಿಸಿದೆವು. ಆಮೇಲೆ ಅದೇ ವೆಬ್‌ಸೈಟಿನಲ್ಲಿ ಖಾತೆ ತೆರೆದ ದಿನಾಂಕ ಹಾಕಿ, ಅವಳಿಗೆ ಎಂಎಲ್‌ಎ ಅನ್ವಯಿಸುತ್ತದೆ ಅನ್ನೋ ಸರ್ಟಿಫಿಕೇಟ್ ತೆಗೆದು ಕಾರ್ಡ್ ಕಂಪನಿಗೆ ಕಳಿಸಿದೆವು, ಫೀ ವಾಪಸ್ ಬಂತು.

ಸೇನೆಗೆ ಸೇರುವ ಮುಂಚೆ ತೆಗೆದ ಕಾರ್ಡಾದರೆ ಎಸ್‌ಸಿಆರ್‌ಎ ಅನ್ನೋ, ಸೇನೆಯವರಿಗೇ ಇರುವ ಇನ್ನೊಂದು ಕಾನೂನಿನ ಅಡಿ ಕೇಳಿ. ಅದರಲ್ಲಿ ಹಳೇ ಸಾಲದ ಬಡ್ಡಿ 6% ದಾಟುವಂತಿಲ್ಲ.