ಮಾತ್ರೆ ಬಿಟ್ಟ ಮೇಲೆ 14ನೇ ದಿನದ ಲೆಕ್ಕ ನಂಬಲಿಲ್ಲ: ನನ್ನ ಅನುಭವ

ಗರ್ಭನಿರೋಧಕ ಮಾತ್ರೆ ನಿಲ್ಲಿಸುವ ಮೊದಲೇ ಡಾಕ್ಟರ್ ಫೋಲಿಕ್ ಆಸಿಡ್ ಶುರು ಮಾಡಿಸಿದರು. ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕು, ಆ ನಾಳ ಬಸಿರು ನಿಂತ ಮೊದಲ ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳುತ್ತದೆ. ನಮಗೆ ಬಸಿರು ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಅದು ಮುಗಿದೇ ಹೋಗಿರುತ್ತೆ.

'ಮೂರು ತಿಂಗಳು ಕಾಯಿ, ಮೈಯಿಂದ ಮಾತ್ರೆ ಎಲ್ಲ ಹೋಗಲಿ' ಅನ್ನುವವರು ಬೇಕಾದಷ್ಟು ಜನ ಸಿಕ್ಕರು. ಹಾಗೇನೂ ಬೇಕಿಲ್ಲ. ಮಾತ್ರೆಯ ಹಾರ್ಮೋನು ಕೆಲವೇ ದಿನದಲ್ಲಿ ಹೊರಗೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಮಾತ್ರ ಬೇರೆ ಕಥೆ, ಅದನ್ನು ಬಿಟ್ಟ ಮೇಲೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ನಿಲ್ಲಿಸಿದ ಕೆಲವೇ ದಿನಕ್ಕೆ ರಕ್ತಸ್ರಾವ ಆಯಿತು. ಅದು ನಿಜವಾದ ಮುಟ್ಟಲ್ಲ, ಹಾರ್ಮೋನು ನಿಂತಿದ್ದಕ್ಕೆ ಆಗುವುದು. ಮಾತ್ರೆ ತಗೊಳ್ಳುವಾಗ ತಿಂಗಳು ತಿಂಗಳೂ ಗಡಿಯಾರದ ಹಾಗೆ ಬರುತ್ತಿದ್ದದ್ದೂ ಅದೇ. ಅಂದರೆ ನನ್ನ ಸ್ವಂತ ತಿಂಗಳ ಲೆಕ್ಕ ಎಷ್ಟು ದಿನದ್ದು ಅಂತ ನನಗೆ ಗೊತ್ತೇ ಇರಲಿಲ್ಲ! ಆಮೇಲೆ ಬಂದ ಮುಟ್ಟುಗಳು ಒಂದು ಬೇಗ, ಇನ್ನೊಂದು ತಡ. ಮೊಬೈಲ್ ಆ್ಯಪ್ ಮಾತ್ರ ಪ್ರತಿ ಸಲ ಮುಟ್ಟು ಶುರುವಾದ ದಿನದಿಂದ 14ನೇ ದಿನವೇ ಅಂಡ ಬಿಡುಗಡೆ ಅಂತ ಗುರುತು ಹಾಕುತ್ತಿತ್ತು. ಅದಕ್ಕೇನು ಗೊತ್ತು, ಪಾಪ.

ಹಾಗಾಗಿ ದಿನಾಂಕ ಬಿಟ್ಟು ಬಿಳಿ ಸ್ರಾವ ಗಮನಿಸಲು ಶುರು ಮಾಡಿದೆ. ಮುಟ್ಟು ನಿಂತ ಮೇಲೆ ಒಣಗಿದಂತಿರುತ್ತದೆ, ಆಮೇಲೆ ಅಂಟು ಅಂಟು, ಅಂಡ ಬಿಡುಗಡೆ ಹತ್ತಿರ ಬಂದಾಗ ಹಸಿ ಮೊಟ್ಟೆಯ ಬಿಳಿಯಂತೆ ಜಾರುತ್ತೆ, ಬೆರಳಲ್ಲಿ ಎಳೆದರೆ ಎಳೆ ಬರುತ್ತೆ. ಅಂಥದ್ದು ಕಂಡಾಗಲೇ ಓವ್ಯುಲೇಶನ್ ಕಿಟ್ (ಅಂಡ ಬಿಡುಗಡೆ ಹತ್ತಿರ ಬಂತಾ ಅಂತ ಮೂತ್ರದಲ್ಲಿ ನೋಡುವ ಕಡ್ಡಿ) ತೆಗೆಯುತ್ತಿದ್ದೆ, ಸುಮ್ನೆ ದಿನಾ ಒಂದೊಂದು ಖರ್ಚು ಮಾಡುವುದು ತಪ್ಪಿತು. ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾದರೆ ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ಅಂಡ ಬಿಡುಗಡೆ. ಆದರೆ ಗೆರೆ ಬರಲಿ ಅಂತ ಕಾದು ಕೂರಬಾರದು. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಬಲ್ಲದು, ಅಂಡ ಒಂದು ದಿನ ಬದುಕಿದರೆ ಹೆಚ್ಚು. ಸ್ರಾವ ಜಾರಲು ಶುರುವಾದಾಗಿನಿಂದಲೇ ದಿನ ಬಿಟ್ಟು ದಿನ ಸೇರುವುದು ನಮಗೆ ಸರಿಹೋಯಿತು. ಬೆಳಗ್ಗೆ ಎದ್ದ ಕೂಡಲೇ ಜ್ವರದ ಕಡ್ಡಿ ಇಡುವುದನ್ನೂ ನೋಡಿದೆ, ಅಂಡ ಬಿಡುಗಡೆ ಆದ ಮೇಲಷ್ಟೇ ಉಷ್ಣತೆ ಏರುವುದರಿಂದ ಆ ತಿಂಗಳಿಗೆ ಉಪಯೋಗವಿಲ್ಲ. ಬಿಟ್ಟುಬಿಟ್ಟೆ.

ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆ ಸರಿಯಾಗಿ ಆಗದ ತೊಂದರೆ) ಇದ್ದವರಿಗೆ ಕಿಟ್ ಸುಳ್ಳು ಗೆರೆ ತೋರಿಸಬಹುದು. ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಮುಟ್ಟೇ ಬರದಿದ್ದರೆ ಡಾಕ್ಟರಿಗೆ ತೋರಿಸಿ, ಮಾತ್ರೆ ಇಷ್ಟು ದಿನ ಮುಚ್ಚಿಟ್ಟಿದ್ದ ತೊಂದರೆ ಈಗ ಹೊರಗೆ ಬಂದಿರಬಹುದು. ಮುಟ್ಟು ಬರುತ್ತಿದ್ದೂ ಬಸಿರಾಗದಿದ್ದರೆ 35 ದಾಟಿದವರು ಆರು ತಿಂಗಳಿಗೆ, ಉಳಿದವರು ಒಂದು ವರ್ಷಕ್ಕೆ ಹೋಗಬೇಕು. ಹೋಗುವಾಗ ಗಂಡನನ್ನೂ ಕರೆದುಕೊಂಡೇ ಹೋಗಿ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಆದರೂ ಅದನ್ನೇ ಕೊನೆಗೆ ಮಾಡಿಸುತ್ತಾರಲ್ವಾ?

ನನಗೆ ಬಸಿರು ನಿಂತ ತಿಂಗಳು ಅಂಡ ಬಿಡುಗಡೆ ತುಂಬಾ ತಡವಾಗಿತ್ತು. ಆ್ಯಪ್ 'ಮುಟ್ಟು ತಡವಾಗಿದೆ' ಅಂದಾಗ ನಾನು ಪರೀಕ್ಷೆ ಮಾಡಲಿಲ್ಲ, ಗಾಢ ಗೆರೆ ಬಂದ ದಿನದಿಂದ ಎರಡು ವಾರ ಎಣಿಸಿ ಮಾಡಿದೆ. ಆ ದಿನಾಂಕವನ್ನು ಡಾಕ್ಟರಿಗೂ ಹೇಳಿದ್ದೆ. ಮೊದಲ ಸ್ಕ್ಯಾನಿನಲ್ಲಿ ಮಗು ಮುಟ್ಟಿನ ಲೆಕ್ಕಕ್ಕಿಂತ ಚಿಕ್ಕದಾಗಿ ಕಂಡಾಗ ಯಾರೂ ಗಾಬರಿಯಾಗಲಿಲ್ಲ, ಹೆರಿಗೆ ದಿನಾಂಕವನ್ನು ಮುಂದಕ್ಕೆ ಹಾಕಿ ಬರೆದುಕೊಟ್ಟರು.